ಮಣ್ಣಿನೊಳಗೇ ಅರಳುವ ಹೂವು

ಒಂದನೇ ತರಗತಿಯ ಮಗುವಿಗೆ ಹೂವಿನ ಚಿತ್ರ ಬರೆ ಎಂದರೆ ಏನು ಮಾಡುತ್ತದೆ? ಮೊದಲು ನೆಲಕ್ಕೊಂದು ಅಡ್ಡಗೆರೆ ಎಳೆಯುತ್ತದೆ. ಅದರ ಮೇಲೆ ಒಂದು ಕಾಂಡ, ಅತ್ತೊಂದು ಇತ್ತೊಂದು ಎಲೆ, ತುದಿಯಲ್ಲಿ ಹೂವು. ಪಕ್ಕದಲ್ಲಿ ನಗುವ ಸೂರ್ಯನೂ ಇರಬೇಕು. ಆ ಗೆರೆಯ ಕೆಳಗೆ ಯಾವ ಮಗುವೂ ಹೂವು ಬರೆಯುವುದಿಲ್ಲ. ಬರೆದರೆ ಮೇಷ್ಟ್ರು ತಪ್ಪು ಹಾಕಿಯಾರು.

ಆದರೆ ಗೆರೆಯ ಕೆಳಗೇ ಹೂ ಬಿಡುವ ಗಿಡವೊಂದು ನಿಜವಾಗಿಯೂ ಇದೆ. ಅದಕ್ಕೆ ಎಲೆಯಿಲ್ಲ, ಹಸಿರಿಲ್ಲ, ಬಿಸಿಲಿನ ಹಂಗಿಲ್ಲ. ಮಣ್ಣಿನೊಳಗೇ ಹುಟ್ಟಿ, ಅಲ್ಲೇ ಮೊಗ್ಗಾಗಿ, ಹೂವಾಗಿ, ಕಾಯಾಗುತ್ತದೆ. ನಮ್ಮವರಿಗೆ ತಕ್ಷಣ ಕಡಲೆಕಾಯಿ ನೆನಪಾದೀತು. ಆದರೆ ಕಡಲೆಕಾಯಿ ಗಿಡದ ಹಳದಿ ಹೂವು ಅರಳುವುದು ನೆಲದ ಮೇಲೆಯೇ. ಪರಾಗಸ್ಪರ್ಶವಾದ ಮೇಲೆ ಕಾಯಿ ಕಟ್ಟುವ ಭಾಗ ಮಾತ್ರ ಮಣ್ಣಿಗಿಳಿಯುತ್ತದೆ. ಇದು ಹಾಗಲ್ಲ. ಇದರ ಹೂವೇ ಮಣ್ಣಿನ ಮರೆಯಲ್ಲಿ ಅರಳುತ್ತದೆ.

ಇದೊಂದು ಆರ್ಕಿಡ್. ಹೆಸರು ರೈಜಾಂತೆಲ್ಲಾ ಗಾರ್ಡ್ನೆರಿ. ಊರು ಪಶ್ಚಿಮ ಆಸ್ಟ್ರೇಲಿಯಾದ ಒಣ ಕುರುಚಲು ಕಾಡು. ಮಲೆನಾಡಿನಲ್ಲಿ ಮರದ ಕೊಂಬೆಯಿಂದ ಇಳಿಬೀಳುವ ಸೀತಾಳೆ ದಂಡೆಯನ್ನು ನೋಡಿದವರಿಗೆ ಆರ್ಕಿಡ್ ಎಂದರೆ ಮರದ ಮೇಲಿನ ಸೊಬಗು. ಅದೇ ಮನೆತನದ ಕುಡಿಯೊಂದು ಪಾತಾಳ ಸೇರಿದ ಕಥೆ ಇದು.

ಬಿರುಕಿನಿಂದ ಬಂದ ಪರಿಮಳ

ಪಶ್ಚಿಮ ಆಸ್ಟ್ರೇಲಿಯಾದ ರಾಜಧಾನಿ ಪರ್ತ್. ಅಲ್ಲಿಂದ ಪೂರ್ವ-ಆಗ್ನೇಯ ದಿಕ್ಕಿಗೆ ಸುಮಾರು 230 ಕಿಲೋಮೀಟರ್ ಹೋದರೆ ಕಾರಿಜಿನ್ ಎಂಬ ಸಣ್ಣ ಊರು ಸಿಗುತ್ತದೆ. ಸುತ್ತಲೂ ಗೋಧಿ ಹೊಲಗಳು. ವರ್ಷದ ಮಳೆ ಸುಮಾರು 370 ಮಿಲಿಮೀಟರ್. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಿಗಿಂತಲೂ ಕಡಿಮೆಯೇ. ಆ ಮಳೆಯೂ ಬಹುಪಾಲು ಅಲ್ಲಿನ ಚಳಿಗಾಲದಲ್ಲಿ, ಅಂದರೆ ಮೇ ತಿಂಗಳಿಂದ ಆಗಸ್ಟ್‌ವರೆಗೆ ಬೀಳುತ್ತದೆ.

1928ರಲ್ಲಿ ಇಲ್ಲಿ ಜಾಕ್ ಟ್ರಾಟ್ ಎಂಬ ರೈತನಿದ್ದ. ಒಂದು ದಿನ ತನ್ನ ಜಾಗದಲ್ಲಿ ನೆಲ ವಿಚಿತ್ರವಾಗಿ ಬಿರುಕು ಬಿಟ್ಟಿರುವುದು ಅವನ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದ. ಬಿರುಕಿನೊಳಗಿಂದ ಸಿಹಿಯಾದ ವಾಸನೆ ಬರುತ್ತಿತ್ತು. ಮಣ್ಣನ್ನು ಮೆಲ್ಲಗೆ ಕೆದರಿದ. ಒಳಗೊಂದು ಹೂವಿತ್ತು!

ಒಣ ನೆಲದಲ್ಲಿ ಬಿರುಕು ಬಿಡುವುದು ಯಾವ ರೈತನಿಗೂ ಹೊಸದಲ್ಲ. ನೂರು ಮಂದಿ ದಾಟಿಹೋಗಬಹುದಾಗಿದ್ದ ಬಿರುಕು ಅದು. ಟ್ರಾಟ್ ದಾಟಿಹೋಗಲಿಲ್ಲ, ಸಿಕ್ಕಿದ್ದನ್ನು ಎಸೆಯಲೂ ಇಲ್ಲ. ಅದು ತಿಳಿದವರ ಕೈಗೆ ತಲುಪುವಂತೆ ನೋಡಿಕೊಂಡ. ಕೊನೆಗೆ ಅದು ಅಡಿಲೇಡ್ ನಗರದ ರಿಚರ್ಡ್ ಸ್ಯಾಂಡರ್ಸ್ ರೋಜರ್ಸ್ ಅವರ ಮೇಜಿಗೆ ಬಂತು. ರೋಜರ್ಸ್ ವೃತ್ತಿಯಿಂದ ವೈದ್ಯರು. ಆಸಕ್ತಿಯಿಂದ ಆರ್ಕಿಡ್ ತಜ್ಞರು. ಅದೇ ವರ್ಷ ಅವರು ಈ ಗಿಡವನ್ನು ವಿಜ್ಞಾನಕ್ಕೆ ಹೊಸದೆಂದು ವಿವರಿಸಿ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ರೈಜಾ ಎಂದರೆ ಬೇರು, ಆಂಥೋಸ್ ಎಂದರೆ ಹೂವು. ‘ಗಾರ್ಡ್ನೆರಿ’ ಎಂಬುದು ಪಶ್ಚಿಮ ಆಸ್ಟ್ರೇಲಿಯಾದ ಸಸ್ಯವಿಜ್ಞಾನಿ ಚಾರ್ಲ್ಸ್ ಗಾರ್ಡ್ನರ್ ಅವರ ನೆನಪಿಗೆ.

ಇನ್ನೂ ಸೋಜಿಗವೆಂದರೆ, ಮೂರೇ ವರ್ಷಗಳಲ್ಲಿ, 1931ರಲ್ಲಿ, ಸಾವಿರಾರು ಕಿಲೋಮೀಟರ್ ಆಚೆ, ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಮಣ್ಣು ಅಗೆಯುವಾಗ ಇಂಥದೇ ಇನ್ನೊಂದು ಆರ್ಕಿಡ್ ಸಿಕ್ಕಿತು. ಇಂದು ಈ ಕುಲದಲ್ಲಿ 5 ಪ್ರಭೇದಗಳನ್ನು ಗುರುತಿಸಲಾಗಿದೆ. ಐದೂ ಆಸ್ಟ್ರೇಲಿಯಾದವೇ. ತೀರಾ ಇತ್ತೀಚಿನದಕ್ಕೆ ಹೆಸರು ಸಿಕ್ಕಿದ್ದು 2020ರಲ್ಲಿ.

ಹೇಗಿದೆ ಈ ಗಿಡ?

ಗಿಡ ಎನ್ನಲು ಅಲ್ಲಿ ಹೆಚ್ಚೇನೂ ಇಲ್ಲ. ಮಣ್ಣಿನೊಳಗೆ ಅಡ್ಡಲಾಗಿ ಮಲಗಿದ, ಬೆರಳು ಗಾತ್ರದ ಬಿಳಿಯ ಗೆಡ್ಡೆ. ಉದ್ದ 6ರಿಂದ 12 ಸೆಂಟಿಮೀಟರ್. ಶುಂಠಿಯಂತೆ ಅದು ಕವಲೊಡೆದು ಹೊಸ ಗೆಡ್ಡೆಗಳನ್ನು ಕೊಡುತ್ತದೆ. ಕಾಲ ಬಂದಾಗ ತುದಿ ಮೇಲಕ್ಕೆ ತಿರುಗಿ ಹೂಗೊಂಚಲಾಗುತ್ತದೆ.

ದೂರದಿಂದ ಒಂದು ಹೂವಿನಂತೆ ಕಂಡರೂ ಅದು ಒಂದು ಹೂವಲ್ಲ. ಸೂರ್ಯಕಾಂತಿಯ ತಟ್ಟೆಯಲ್ಲಿ ನೂರಾರು ಹೂಗಳು ಒತ್ತಾಗಿ ಕೂತಿರುತ್ತವಲ್ಲ, ಹಾಗೆ. ಹೊರಗೆ 6ರಿಂದ 12 ಕೆನೆ-ಗುಲಾಬಿ ಬಣ್ಣದ ದಳದಂಥ ಎಲೆಗಳು ಬಟ್ಟಲಾಗಿ ನಿಲ್ಲುತ್ತವೆ. ಬಟ್ಟಲೊಳಗೆ ಹತ್ತಾರು, ಕೆಲವೊಮ್ಮೆ ನೂರರ ಹತ್ತಿರ, ಕಡುಗೆಂಪು ಪುಟಾಣಿ ಹೂಗಳು. ಮೇ ತಿಂಗಳಿಂದ ಜುಲೈವರೆಗೆ ಅರಳುವ ಕಾಲ. ಆಗ ಬಟ್ಟಲಿನ ತುದಿ ನೆಲದ ಮೇಲ್ಪದರಕ್ಕೆ, ತರಗೆಲೆಯ ಅಡಿಗೆ ಬಂದು ನಿಲ್ಲುತ್ತದೆ. ಅದು ಬಿರಿಯುವ ಒತ್ತಡಕ್ಕೆ ಮೇಲಿನ ಮಣ್ಣು ಬಿರುಕು ಬಿಡುತ್ತದೆ. ಟ್ರಾಟ್ ಕಂಡ ಬಿರುಕು ಇದೇ. ಸಣ್ಣ ನೊಣ, ಗೆದ್ದಲಿನಂಥ ಕೀಟಗಳು ಆ ಸಂದಿಯಿಂದ ಒಳನುಗ್ಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಬಣ್ಣ ಕಾಣದ ಕತ್ತಲಲ್ಲಿ ಪರಿಮಳವೇ ಆಮಂತ್ರಣ ಪತ್ರಿಕೆ.

ಹಸಿರಿಲ್ಲದವರಿಗೆ ಊಟ ಎಲ್ಲಿಂದ?

ಹೈಸ್ಕೂಲು ವಿದ್ಯಾರ್ಥಿಗೆ ಇಲ್ಲೊಂದು ಪ್ರಶ್ನೆ ಏಳಲೇಬೇಕು. ಸಸ್ಯಗಳು ಪತ್ರಹರಿತ್ತಿನ ಸಹಾಯದಿಂದ, ಬಿಸಿಲು ಬಳಸಿ, ನೀರು ಮತ್ತು ಇಂಗಾಲದ ಡೈ ಆಕ್ಸೈಡಿನಿಂದ ಸಕ್ಕರೆ ತಯಾರಿಸುತ್ತವೆ ಎಂದು ಪುಸ್ತಕ ಹೇಳುತ್ತದೆ. ಇದಕ್ಕೆ ಪತ್ರಹರಿತ್ತೂ ಇಲ್ಲ, ಬಿಸಿಲೂ ಇಲ್ಲ. ಹಾಗಾದರೆ ಬದುಕುವುದು ಹೇಗೆ?

ಉತ್ತರಕ್ಕೆ ಆರ್ಕಿಡ್‌ಗಳ ಬೀಜದಿಂದ ಶುರುಮಾಡಬೇಕು. ಅವರೆಕಾಳನ್ನು ಬಿಡಿಸಿದರೆ ಎರಡು ದಪ್ಪ ಬೇಳೆ ಕಾಣುತ್ತವೆ. ಅದು ಮೊಳಕೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಸಾಮಾನ್ಯವಾಗಿ ಆರ್ಕಿಡ್ ಬೀಜ ಧೂಳಿನ ಕಣದಷ್ಟು ಸಣ್ಣದು. ಅದರಲ್ಲಿ ಬುತ್ತಿಯೇ ಇಲ್ಲ. ಮೊಳೆಯಬೇಕಾದರೆ ಯಾರಾದರೂ ಹೊರಗಿನಿಂದ ಊಟ ಕೊಡಬೇಕು. ಕೊಡುವುದು ಯಾರು ಎಂಬುದನ್ನು 1899ರಲ್ಲಿ ಫ್ರಾನ್ಸಿನ ತರುಣ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ ಕಂಡುಹಿಡಿದರು. ಕಾಡಿನ ಎಲೆಗಳ ಅಡಿಯಲ್ಲಿ ಮೊಳೆಯುತ್ತಿದ್ದ ಆರ್ಕಿಡ್ ಬೀಜಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ಶಿಲೀಂಧ್ರದ ಎಳೆಗಳಿದ್ದವು. ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟು, ಮಳೆಗಾಲದ ಅಣಬೆ, ಇವೆಲ್ಲ ಶಿಲೀಂಧ್ರಗಳೇ. ಅಂಥ ಎಳೆಯೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಕಾಡಿನಲ್ಲಿ ಆರ್ಕಿಡ್ ಬೀಜ ಮೊಳೆಯುತ್ತದೆ.

ಬಹುತೇಕ ಆರ್ಕಿಡ್‌ಗಳು ಎಲೆ ಬಂದ ಮೇಲೆ ತಮ್ಮ ಅನ್ನ ತಾವು ಸಂಪಾದಿಸುತ್ತವೆ. ಕೆಲವು ಮಾತ್ರ ಜೀವನವಿಡೀ ಶಿಲೀಂಧ್ರದ ಅನ್ನದಲ್ಲೇ ಇರುತ್ತವೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಎಪಿಪೋಜಿಯಮ್ ಎಂಬ ಇಂಥದೊಂದು ಎಲೆಯಿಲ್ಲದ ಆರ್ಕಿಡ್ ಇದೆ. ಆದರೆ ಹೂ ಬಿಡುವಾಗಲಾದರೂ ಅದು ನೆಲದಿಂದ ತಲೆ ಎತ್ತುತ್ತದೆ. ರೈಜಾಂತೆಲ್ಲಾ ಅದನ್ನೂ ಬಿಟ್ಟಿದೆ.

ಸರಿ, ಶಿಲೀಂಧ್ರ ಉಣಿಸುತ್ತದೆ. ಆದರೆ ಶಿಲೀಂಧ್ರಕ್ಕೂ ಪತ್ರಹರಿತ್ತಿಲ್ಲವಲ್ಲ! ಅದಕ್ಕೆ ಸಕ್ಕರೆ ಕೊಡುವವರು ಯಾರು?

ರೈಜಾಂತೆಲ್ಲಾ ಸಿಗುವ ಕಡೆಯಲ್ಲೆಲ್ಲ ತಲೆಯ ಮೇಲೊಂದು ಪೊದೆ ಇದ್ದೇ ಇರುತ್ತದೆ. ಅದು ಮೆಲಲೂಕಾ ಜಾತಿಯದು. ಅಲ್ಲಿನವರು ಅದನ್ನು ಪೊರಕೆಪೊದೆ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. ನಮ್ಮ ನೇರಳೆ, ಸೀಬೆ ಮತ್ತು ಆಸ್ಟ್ರೇಲಿಯಾದಿಂದಲೇ ಇಲ್ಲಿಗೆ ಬಂದ ನೀಲಗಿರಿ, ಇವೆಲ್ಲ ಅದರ ಕುಟುಂಬದವೇ. 1985ರಲ್ಲಿ ವಿಜ್ಞಾನಿ ಜಾಕ್ ವಾರ್ಕಪ್ ಒಂದು ಮುಖ್ಯ ಸಂಗತಿ ತೋರಿಸಿಕೊಟ್ಟರು. ಆರ್ಕಿಡ್ಡಿನ ಗೆಡ್ಡೆಯೊಳಗಿನ ಶಿಲೀಂಧ್ರವೇ ಪೊರಕೆಪೊದೆಯ ಬೇರಿನಲ್ಲೂ ಇದೆ. ಅಂದರೆ ಒಂದೇ ಶಿಲೀಂಧ್ರದ ಎಳೆಗಳು ಎರಡೂ ಗಿಡಗಳನ್ನು ಮಣ್ಣಿನೊಳಗೆ ಬೆಸೆದಿವೆ.

ಆ ಎಳೆಗಳಲ್ಲಿ ಸಕ್ಕರೆ ಹರಿಯುತ್ತದೆ ಎಂದು ಸಾಬೀತುಪಡಿಸುವುದು ಹೇಗೆ? ಹಾಲಿನಂಗಡಿಯವನು ನೋಟಿಗೆ ಗುರುತು ಹಾಕಿ ಅದು ಯಾರ ಕೈ ಸೇರಿತೆಂದು ಪತ್ತೆಹಚ್ಚಿದಂತೆ. ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರವಾದ ಇಂಗಾಲ-13 ಎಂಬ ಐಸೊಟೋಪ್ ಇದೆ. ಅದರಿಂದಾದ ಇಂಗಾಲದ ಡೈ ಆಕ್ಸೈಡನ್ನು ವಿಜ್ಞಾನಿಗಳು ಪೊರಕೆಪೊದೆಯ ಎಲೆಗಳಿಗೆ ಕೊಟ್ಟರು. ಆಮೇಲೆ ನೋಡಿದರೆ ಆ ಗುರುತಿನ ಇಂಗಾಲ ಮಣ್ಣಿನೊಳಗಿನ ಆರ್ಕಿಡ್ಡಿನಲ್ಲಿತ್ತು. 2010ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಲೆಕ್ಕ ಚುಕ್ತವಾಯಿತು. ಬಿಸಿಲಿನಲ್ಲಿ ದುಡಿಯುವುದು ಪೊದೆ, ಸಾಗಿಸುವುದು ಶಿಲೀಂಧ್ರ, ಉಣ್ಣುವುದು ಆರ್ಕಿಡ್.

ಬೇಳೆಕಾಳು ಗಿಡದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಇರುವುದನ್ನು ಮಕ್ಕಳು ಓದಿರುತ್ತಾರೆ. ಅಲ್ಲಿ ಕೊಡುವುದೂ ಇದೆ, ಪಡೆಯುವುದೂ ಇದೆ. ಪೊರಕೆಪೊದೆ ಮತ್ತು ಶಿಲೀಂಧ್ರದ ನಡುವೆಯೂ ಅಂಥ ವ್ಯವಹಾರವೇ: ಪೊದೆ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ಮಣ್ಣಿನ ಪೋಷಕಾಂಶಗಳನ್ನು ಎತ್ತಿಕೊಡುತ್ತದೆ. ಮಧ್ಯೆ ಕೂತ ಆರ್ಕಿಡ್ ಮಾತ್ರ ಪ್ರತಿಯಾಗಿ ಏನನ್ನಾದರೂ ಕೊಡುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಮಾವಿನ ಮರಕ್ಕೆ ಅಂಟುವ ಬಂದಣಿಕೆಗಾದರೂ ಹಸಿರೆಲೆ ಉಂಟು. ಇದು ಅದನ್ನೂ ಮೀರಿದ ಪರಾವಲಂಬಿ.

ಕೈಬಿಟ್ಟ ವಿದ್ಯೆ

ಬಳಸದ ವಿದ್ಯೆ ಮರೆತುಹೋಗುತ್ತದೆ ಎನ್ನುತ್ತಾರೆ. ಗಿಡಗಳಿಗೂ ಈ ಮಾತು ಸಲ್ಲುತ್ತದೆ. ಸಸ್ಯಕೋಶದಲ್ಲಿ ಪತ್ರಹರಿತ್ತು ಇರುವ ಕಣಗಳಿಗೆ ಕ್ಲೋರೋಪ್ಲಾಸ್ಟ್ ಎಂದು ಹೆಸರು. ಈ ಕಣಗಳಿಗೆ ತಮ್ಮದೇ ಆದ ಒಂದಿಷ್ಟು ಜೀನ್‌ಗಳಿವೆ. ಸಾಮಾನ್ಯ ಹಸಿರು ಗಿಡದಲ್ಲಿ ಅವು ನೂರಕ್ಕೂ ಹೆಚ್ಚು. ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೈಜಾಂತೆಲ್ಲಾದ ಅಂಥ ಕಣವನ್ನು ಪರೀಕ್ಷಿಸಿ, ಅದರಲ್ಲಿ ಉಳಿದಿರುವುದು ಕೇವಲ 37 ಜೀನ್‌ಗಳು ಎಂದು 2011ರಲ್ಲಿ ವರದಿ ಮಾಡಿದರು. ದ್ಯುತಿಸಂಶ್ಲೇಷಣೆಗೆ ಬೇಕಾದವೆಲ್ಲ ಕಳೆದುಹೋಗಿದ್ದವು. ನೆಲದ ಮೇಲಿನ ಸಸ್ಯಗಳಲ್ಲಿ ಅಷ್ಟು ಸಣ್ಣ ಕಟ್ಟು ಅಲ್ಲಿಯವರೆಗೆ ಯಾವುದರಲ್ಲೂ ಕಂಡಿರಲಿಲ್ಲ.

ಹಾಗಾದರೆ ಆ 37 ಏಕೆ ಉಳಿದವು? ಕುತೂಹಲ ಇರುವುದೇ ಇಲ್ಲಿ. ಸಕ್ಕರೆ ಕಾರ್ಖಾನೆ ಮುಚ್ಚಿದರೂ ಅದೇ ಆವರಣದಲ್ಲಿ ಜೀವಕ್ಕೆ ಬೇಕಾದ ಬೇರೆ ಸಣ್ಣಪುಟ್ಟ ಕೆಲಸಗಳು ನಡೆಯುತ್ತಿವೆ. ಆ ಕೆಲಸಗಳಿಗೆ ಬೇಕಾದ ಜೀನ್‌ಗಳನ್ನು ಗಿಡ ಬಿಟ್ಟುಕೊಟ್ಟಿಲ್ಲ. ಎಲ್ಲ ಗಿಡಗಳಲ್ಲೂ ಕ್ಲೋರೋಪ್ಲಾಸ್ಟ್‌ನ ಅನಿವಾರ್ಯ ಕೆಲಸಗಳು ಯಾವುವು ಎಂದು ತಿಳಿಯಲು ಈ ಕತ್ತಲ ಗಿಡವೇ ದೀಪವಾಯಿತು.

ಬೀಜ ಹೊರುವವರಿಲ್ಲ

ಬೇರೆ ಆರ್ಕಿಡ್‌ಗಳ ಬೀಜ ಗಾಳಿಯಲ್ಲಿ ತೇಲಿಹೋಗುತ್ತದೆ. ಮಣ್ಣಿನೊಳಗೆ ಗಾಳಿ ಎಲ್ಲಿ? ಅದಕ್ಕೇ ರೈಜಾಂತೆಲ್ಲಾ ಬೇರೆ ದಾರಿ ಹಿಡಿದಿದೆ. ಇದರ ಕಾಯಿ ಒಣಗಿ ಸಿಡಿಯುವುದಿಲ್ಲ. ತಿರುಳು ತುಂಬಿಕೊಂಡು ತಿಂಗಳುಗಟ್ಟಲೆ ಮಾಗುತ್ತದೆ. ಬೀಜಕ್ಕೆ ಗಟ್ಟಿಯಾದ ಸಿಪ್ಪೆ. ನಮ್ಮ ಅಡಿಕೆ ತೋಟಗಳಿಗೆ ಬಂದ ವೆನಿಲ್ಲಾ ಕೂಡ ಒಂದು ಆರ್ಕಿಡ್; ಅದರ ಕೋಡಿನೊಳಗಿನ ಕಪ್ಪು ಬೀಜಗಳನ್ನು ಕಂಡವರಿಗೆ ಈ ಮಾತು ಅರ್ಥವಾದೀತು.

ತಿರುಳಿನ ಹಣ್ಣು ಎಂದರೆ ತಿನ್ನುವವರಿಗೆ ಕೊಟ್ಟ ಕರೆ. ಮಣ್ಣು ಕೆದಕಿ ತಿನ್ನುವ ಸಣ್ಣ ಪ್ರಾಣಿಗಳು ಹಣ್ಣು ತಿಂದು, ಬೇರೆ ಪೊದೆಯ ಬುಡದಲ್ಲಿ ಹಿಕ್ಕೆ ಹಾಕಿ ಬೀಜ ಹರಡುತ್ತಿದ್ದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ವಾಯ್ಲಿ ಎಂಬ, ಕಾಂಗರೂವಿನ ದೂರದ ನೆಂಟ ಪ್ರಾಣಿಯೊಂದು ನೆಲದೊಳಗಿನ ಶಿಲೀಂಧ್ರಗಳನ್ನು ಕೆದಕಿ ತಿನ್ನುವುದರಲ್ಲಿ ನಿಪುಣ. ಆದರೆ ಕಾಡು ಕಡಿದದ್ದರಿಂದ, ಯೂರೋಪಿನಿಂದ ತಂದು ಬಿಟ್ಟ ನರಿಗಳಿಂದ, ಗೋಧಿ ನಾಡಿನ ಬಹುಭಾಗದಲ್ಲಿ ಅಂಥ ಪ್ರಾಣಿಗಳು ಇಲ್ಲವಾಗಿವೆ. ಊಹೆ ನಿಜವಾದರೆ, ಹಣ್ಣು ಮಾಗುತ್ತಿದೆ, ತಿನ್ನುವವರು ಬರುತ್ತಿಲ್ಲ. ಆರ್ಕಿಡ್ ತಾನಿರುವ ಪೊದೆಯ ಬುಡದಲ್ಲೇ ಸೆರೆಯಾಗಿದೆ. ಆ ಪೊದೆ ಮುಪ್ಪಾಗಿ ಒಣಗಿದರೆ ಇದರ ಕಥೆಯೂ ಮುಗಿಯಿತು.

ಉಳಿದದ್ದು ತುಣುಕುಗಳು

1928ರ ನಂತರ ಈ ಗಿಡ ಅಲ್ಲೊಂದು ಇಲ್ಲೊಂದು ಸಿಕ್ಕಿತು. ಹುಡುಕಿದವರಿಗಲ್ಲ, ಕಾಡು ಸವರಿ ಉಳುತ್ತಿದ್ದ ರೈತರಿಗೆ. ನೇಗಿಲ ಬಾಯಿಗೆ ಸಿಕ್ಕಾಗಲೇ ಅದರ ಇರವು ತಿಳಿಯುತ್ತಿದ್ದುದು. ತಿಳಿಯುವ ಹೊತ್ತಿಗೆ ಆ ಜಾಗ ಹೊಲವಾಗಿರುತ್ತಿತ್ತು. ಆಮೇಲೆ ಎಷ್ಟೋ ವರ್ಷ ಸುಳಿವೇ ಇರಲಿಲ್ಲ. 1979ರಲ್ಲಿ ದಕ್ಷಿಣ ಕರಾವಳಿಯ ಹತ್ತಿರ ಮಂಗ್ಲಿನಪ್ ಎಂಬಲ್ಲಿ ಜಾನ್ ಮೆಗಿನಿಸ್ ಎಂಬ ಇನ್ನೊಬ್ಬ ರೈತನ ಕಣ್ಣಿಗೆ ಬಿದ್ದು, ಮತ್ತೆ ಹುಡುಕಾಟಕ್ಕೆ ಜೀವ ಬಂತು.

2011ರ ಹೊತ್ತಿಗೆ ಗೊತ್ತಿದ್ದ ಗಿಡಗಳು ಐವತ್ತಕ್ಕೂ ಕಡಿಮೆ. ಇವೂ ಒಂದಕ್ಕೊಂದು ದೂರದ ಕೆಲವೇ ತಾಣಗಳಲ್ಲಿ. 2018ರಲ್ಲಿ ಇನ್ನೊಂದು ಸುದ್ದಿ ಬಂತು. ದಕ್ಷಿಣ ಕರಾವಳಿಯ ಕಡೆಯ ಗಿಡಗಳು ಗಾರ್ಡ್ನೆರಿ ಅಲ್ಲ, ಅದೇ ಕುಲದ ಬೇರೊಂದು ಪ್ರಭೇದ ಎಂದು ತಜ್ಞರು ಅದಕ್ಕೆ ಬೇರೆ ಹೆಸರಿಟ್ಟರು. ಅಂದರೆ ಟ್ರಾಟ್ ಕಂಡ ಮೂಲ ಗಿಡದ ಪಾಲಿಗೆ ಉಳಿದದ್ದು ಕಾರಿಜಿನ್ ಸುತ್ತಲಿನ ತುಣುಕು ಕಾಡುಗಳು ಮಾತ್ರ. ಕಡಿಮೆ ಎಂದುಕೊಂಡದ್ದು ಇನ್ನೂ ಕಡಿಮೆಯಾಯಿತು.

ಆ ತುಣುಕುಗಳಿಗೂ ಕಾಟ ತಪ್ಪಿಲ್ಲ. ಆಳಕ್ಕೆ ಬೇರಿಳಿಸುವ ಕಾಡುಗಿಡಗಳನ್ನು ಕಡಿದ ಕಡೆ ಅಂತರ್ಜಲ ಮೇಲೇರಿ, ಮಣ್ಣಿನಾಳದ ಉಪ್ಪನ್ನೂ ಮೇಲಕ್ಕೆ ತರುತ್ತದೆ. ಕಾರಣ ಬೇರೆಯಾದರೂ, ತುಂಗಭದ್ರಾ ಕಾಲುವೆ ಪ್ರದೇಶದ ರೈತರಿಗೆ ಸವಳು ಭೂಮಿಯ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪೊದೆ ಸೊರಗುತ್ತದೆ, ಶಿಲೀಂಧ್ರ ಸೊರಗುತ್ತದೆ, ಆರ್ಕಿಡ್ ಹೂ ಬಿಡದೆ ಕೂರುತ್ತದೆ.

ಇದನ್ನು ಎಣಿಸುವುದೂ ಸುಲಭವಲ್ಲ. ಮಂಡಿಯೂರಿ, ಪೊದೆಗಳ ಅಡಿಯಲ್ಲಿ ತೆವಳಿ, ತರಗೆಲೆಯನ್ನು ಒಂದೊಂದಾಗಿ ಸರಿಸಿ ಹುಡುಕಬೇಕು. ಇಡೀ ದಿನ ಹುಡುಕಿ ಬರಿಗೈಲಿ ಬರುವುದೇ ಹೆಚ್ಚು. ಜಾಸ್ತಿ ಹುಡುಕಿದರೆ ಮಣ್ಣು ತುಳಿತಕ್ಕೆ ಸಿಕ್ಕಿ ಗಿಡಕ್ಕೇ ಕೇಡು. ಕಳ್ಳರ ಭಯದಿಂದ ಅದರ ತಾಣಗಳನ್ನು ಗುಟ್ಟಾಗಿ ಇಡಲಾಗಿದೆ.

ಉಳಿಸುವ ಪ್ರಯತ್ನ ನಡೆದಿದೆ. ಆದರೆ ಗುಲಾಬಿ ಕಡ್ಡಿ ನೆಟ್ಟಂತೆ ಇದನ್ನು ಕುಂಡದಲ್ಲಿ ನೆಡಲಾಗದು. ಮೊದಲು ಪೊರಕೆಪೊದೆ ಬೆಳೆಸಬೇಕು. ಅದರ ಬೇರಿಗೆ ಸರಿಯಾದ ಶಿಲೀಂಧ್ರ ಹಿಡಿಸಬೇಕು. ಆಮೇಲೆ ಆರ್ಕಿಡ್ ಬೀಜ ಇಡಬೇಕು. ಮೂರೂ ಒಟ್ಟಿಗೆ ಬದುಕಿದರೆ ಉಂಟು, ಇಲ್ಲವಾದರೆ ಇಲ್ಲ. ಹಾಗಾಗಿ ಬೀಜವನ್ನಷ್ಟೇ ಕೂಡಿಟ್ಟರೆ ಪ್ರಯೋಜನವಿಲ್ಲ. ಜೊತೆಗೆ ಶಿಲೀಂಧ್ರವನ್ನೂ ಕಾಪಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮೂರೂ ಸೇರಿ ಬಾಳುವ ನೆಲ ಉಳಿಯಬೇಕು.

ತರಗೆಲೆಯ ಅಡಿಯಲ್ಲಿ

ಇದರಿಂದ ಯಾರಿಗೇನು ಲಾಭ ಎಂದು ಕೇಳುವವರು ಇದ್ದೇ ಇರುತ್ತಾರೆ. ಈ ಹೂವನ್ನು ಮುಡಿಯಲಾಗದು, ಮಾರಲಾಗದು, ನೋಡುವುದೂ ಕಷ್ಟ. ಆದರೆ ಒಂದು ಸಂಗತಿಯನ್ನು ಅದು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಕುರುಚಲು ಎಂದು, ಪಾಳು ಎಂದು ನಾವು ಬರೆದಿಡುವ ಜಾಗದ ಕೆಳಗೂ ಕೊಡು-ಕೊಳ್ಳುವ ಒಂದು ಸಂಸಾರ ನಡೆಯುತ್ತಿರುತ್ತದೆ. ಮೇಲಿನ ಪೊದೆ ಕಡಿದವನಿಗೆ ಕೆಳಗೆ ಏನು ಸತ್ತಿತೆಂದು ಗೊತ್ತಾಗುವುದೇ ಇಲ್ಲ.

ಇದನ್ನು ನೋಡಲು ಆಸ್ಟ್ರೇಲಿಯಾಕ್ಕೇ ಹೋಗಬೇಕಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಊರಾಚೆಯ ತೋಪಿಗೆ ಕರೆದೊಯ್ಯಿರಿ. ಮರದ ಬುಡದಲ್ಲಿ ಕೊಳೆಯುತ್ತಿರುವ ಎಲೆಗಳನ್ನು ಒಂದು ಕಡ್ಡಿಯಿಂದ ಮೆಲ್ಲಗೆ ಎತ್ತಿ. ಕೆಳಗೆ ನೂಲಿನಂಥ ಬಿಳಿಯ ಎಳೆಗಳು ಬಲೆ ಹೆಣೆದಿರುವುದು ಕಂಡೀತು. ಅವೇ ಶಿಲೀಂಧ್ರದ ಎಳೆಗಳು. ನೋಡಿಯಾದ ಮೇಲೆ ಎಲೆಯನ್ನು ಇದ್ದಂತೆಯೇ ಮುಚ್ಚಿ. ಹುರುಳಿ ಗಿಡವೊಂದನ್ನು ಬೇರುಸಹಿತ ಕಿತ್ತು, ತೊಳೆದು, ಗಂಟುಗಳನ್ನು ಎಣಿಸಲು ಹೇಳಿ. ದಾರಿಯಲ್ಲಿ ನೆಲದ ಆರ್ಕಿಡ್ಡೇನಾದರೂ ಹೂ ಬಿಟ್ಟಿದ್ದರೆ ಮಾತ್ರ ಕೀಳಲು ಬಿಡಬೇಡಿ. ಮನೆಯ ಕುಂಡದಲ್ಲಿ ಅದು ಏಕೆ ಬಾಳದು ಎಂಬುದನ್ನು ಈಗ ಮಗುವೇ ವಿವರಿಸಬಲ್ಲದು.

ಜಾಕ್ ಟ್ರಾಟ್ ವಿಜ್ಞಾನಿಯಾಗಿರಲಿಲ್ಲ. ಅವನ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ನೆಲದಲ್ಲೊಂದು ಬಿರುಕು ಕಂಡಾಗ ಬಗ್ಗಿ ನೋಡುವ ವ್ಯವಧಾನವಿತ್ತು, ಅಷ್ಟೆ. ಆಮೇಲೆ ಬಂದ ಐಸೊಟೋಪು, ಜೀನು, ಲೆಕ್ಕಾಚಾರಗಳೆಲ್ಲ ಆ ಬಗ್ಗುವಿಕೆಯಿಂದಲೇ ಶುರುವಾದವು.